ಅಜ್ಜಿಯೂ ಕೂತರೆ ಒಂಬತ್ತು ದಿನವೇ?

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಡಿಕೆಗೆ ಹೆಸರಾದ ಊರು. ಕೊಯ್ಲಿನ ದಿನಗಳಲ್ಲಿ ಅಲ್ಲಿ ಸಂಜೆಯೆಂದರೆ ಮನೆಯ ಮುಂದಿನ ಚಪ್ಪರದಡಿ ಹಸಿ ಅಡಿಕೆಯ ರಾಶಿ, ಅದರ ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಕುಳಿತ ಹೆಂಗಸರು, ಅತ್ತ ಒಲೆಯ ಮೇಲೆ ಅಡಿಕೆ ಬೇಯುವ ಹಂಡೆ. ಸುಲಿಯುವ ಯಂತ್ರಗಳು ಬಂದಿವೆ ನಿಜ. ಆದರೂ ಕತ್ತಿಯ ಕೆಲಸ ಪೂರ್ತಿ ನಿಂತಿಲ್ಲ. ಕೊಯ್ದ ಹಸಿ ಕಾಯಿ ಬಹಳ ದಿನ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಸುಲಿದು, ಬೇಯಿಸಿ, ಒಣಹಾಕಿದರೆ ಮಾತ್ರ ಅದಕ್ಕೆ ಬಣ್ಣ, ಬೆಲೆ. ಆದ್ದರಿಂದ ‘ಎಷ್ಟು ಜನ ಕೂತರೆ ಎಷ್ಟು ಹೊತ್ತಿಗೆ ಮುಗಿದೀತು?’ ಎಂಬುದು ಅಲ್ಲಿ ಬರೀ ಪುಸ್ತಕದ ಪ್ರಶ್ನೆಯಲ್ಲ.

ಅಂಥ ಒಂದು ಚಪ್ಪರವನ್ನು ಕಲ್ಪಿಸಿಕೊಳ್ಳಿ. ತೂಗುಬಿಟ್ಟ ಬಲ್ಬಿನ ಕೆಳಗೆ ಅಜ್ಜಿ, ಸೊಸೆ ಸುಲಿಯುತ್ತಿದ್ದಾರೆ. ಪಕ್ಕದಲ್ಲಿ ಎಂಟನೇ ತರಗತಿಯ ಮೊಮ್ಮಗಳು ಗಣಿತದ ನೋಟ್‌ಬುಕ್ ಬಿಚ್ಚಿಕೊಂಡು ಪೆನ್ಸಿಲ್ ಕಚ್ಚುತ್ತಿದ್ದಾಳೆ.

“ಅದೇನು ಲೆಕ್ಕ, ನಮಗೂ ಒಂದಿಷ್ಟು ಓದಿ ಹೇಳೇ” ಎಂದಳು ಅಜ್ಜಿ.

“ಒಂದು ಕೆಲಸವನ್ನು ‘ಅ’ ಎಂಬುವನು 12 ದಿನಗಳಲ್ಲಿ, ‘ಬ’ ಎಂಬುವನು 6 ದಿನಗಳಲ್ಲಿ ಮಾಡಬಲ್ಲರು. ಇಬ್ಬರೂ ಸೇರಿದರೆ ಎಷ್ಟು ದಿನ ಬೇಕು?”

“ನೀನೇನು ಬರೆದೆ?”

“ಹನ್ನೆರಡೂ ಆರೂ ಹದಿನೆಂಟು. ಇಬ್ಬರು ಇದಾರಲ್ಲ, ಅದಕ್ಕೆ ಅರ್ಧ ಮಾಡಿದೆ. ಒಂಬತ್ತು ದಿನ.”

ಅಜ್ಜಿಯ ಕೈ ನಿಂತಿತು. “ಅಲ್ಲ ಕಣೇ, ನಿಮ್ಮವ್ವ ಒಬ್ಬಳೇ ಆರು ದಿನಕ್ಕೆ ಮುಗಿಸೋ ರಾಶಿಗೆ ನಾನೂ ಬಂದು ಕೂತರೆ ಒಂಬತ್ತು ದಿನ ಆಗುತ್ತಾ? ಹಂಗಾದ್ರೆ ನಾನು ಸುಲಿಯೋಕೆ ಕೂತಿದೀನಾ, ಇಲ್ಲಾ ಅವಳು ಸುಲಿದಿದ್ದನ್ನ ತಿರುಗಿ ಸಿಪ್ಪೆಯೊಳಗೆ ತುರುಕೋಕೆ ಕೂತಿದೀನಾ?”

ಓದು ಬಾರದ ಅಜ್ಜಿ ಅಲ್ಲಿಗೆ ಅರ್ಧ ಲೆಕ್ಕ ಬಿಡಿಸಿದ್ದಳು. ಸಹಾಯಕ್ಕೆ ಒಬ್ಬರು ಬಂದ ಮೇಲೆ ಕೆಲಸ ಮೊದಲಿಗಿಂತ ಬೇಗ ಮುಗಿಯಬೇಕು; ಆದ್ದರಿಂದ ಉತ್ತರ 6ಕ್ಕಿಂತ ಕಡಿಮೆ ಇರಲೇಬೇಕು. ಬಂದವಳೂ ಸೊಸೆಯಷ್ಟೇ ಚುರುಕಾಗಿದ್ದರೆ 6ರ ಅರ್ಧ, ಅಂದರೆ 3 ದಿನ. ಅಜ್ಜಿಯ ಕೈ ಅಷ್ಟು ಓಡುವುದಿಲ್ಲ; ಆದ್ದರಿಂದ 3ಕ್ಕಿಂತ ಹೆಚ್ಚು. ಉತ್ತರ 3 ಮತ್ತು 6ರ ನಡುವೆ ಎಲ್ಲೋ ಇದೆ. ಪೆನ್ಸಿಲ್ ಮುಟ್ಟುವ ಮೊದಲೇ ಇಷ್ಟು ಗೊತ್ತಾಗುತ್ತದೆ. ಮನೆಗಳಲ್ಲಿ ‘ನಮ್ಮ ವಂಶಕ್ಕೇ ಗಣಿತ ಹತ್ತೋದಿಲ್ಲ’ ಎಂದು ಮಕ್ಕಳ ಮುಂದೆ ಹೇಳುವ ಹಿರಿಯರು ಇಂಥ ಲೆಕ್ಕವನ್ನು ದಿನಕ್ಕೆ ಹತ್ತು ಸಲ ಮಾಡುತ್ತಾರೆ. ಅದಕ್ಕೆ ಗಣಿತ ಎಂಬ ಹೆಸರು ಇಟ್ಟಿಲ್ಲ, ಅಷ್ಟೇ.

ಹುಡುಗಿ ಎಡವಿದ್ದು ಎಲ್ಲಿ? ಅವಳು ಕೂಡಿದ್ದು ದಿನಗಳನ್ನು. ಇಬ್ಬರು ಸೇರಿ ಕೆಲಸ ಮಾಡುವಾಗ ದಿನಗಳು ಒಂದಕ್ಕೊಂದು ಸೇರುವುದಿಲ್ಲ. ಇಬ್ಬರ ದಿನವೂ ಒಂದೇ. ಸೂರ್ಯ ಇಬ್ಬರಿಗೂ ಒಟ್ಟಿಗೇ ಮುಳುಗುತ್ತಾನೆ. ಸೇರುವುದು ಸುಲಿದ ಅಡಿಕೆ. ಅಜ್ಜಿ ಸುಲಿದದ್ದು, ಸೊಸೆ ಸುಲಿದದ್ದು ಎರಡೂ ಬೀಳುವುದು ಒಂದೇ ಪುಟ್ಟಿಗೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಒಂದು ದಿನದಲ್ಲಿ ಎಷ್ಟು?’ ಎಂಬುದು.

ರಾಶಿಯಲ್ಲಿ 12 ಪುಟ್ಟಿ ಅಡಿಕೆ ಇದೆ ಎಂದಿಟ್ಟುಕೊಳ್ಳಿ. ಹನ್ನೆರಡೇ ಏಕೆ? 12 ಮತ್ತು 6 ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಅದು, ಅಂದರೆ ಲ.ಸಾ.ಅ. ಅಜ್ಜಿ 12 ದಿನದಲ್ಲಿ 12 ಪುಟ್ಟಿ ಸುಲಿದರೆ ದಿನಕ್ಕೆ 1 ಪುಟ್ಟಿ. ಸೊಸೆ 6 ದಿನದಲ್ಲಿ 12 ಪುಟ್ಟಿ ಸುಲಿದರೆ ದಿನಕ್ಕೆ 2. ಇಬ್ಬರೂ ಕುಳಿತರೆ ದಿನಕ್ಕೆ 3 ಪುಟ್ಟಿ. 12 ಪುಟ್ಟಿ ಮುಗಿಯಲು 4 ದಿನ. ಅಜ್ಜಿ ಹೇಳಿದ 3 ಮತ್ತು 6ರ ನಡುವೆಯೇ ಬಂತು.

ಪಠ್ಯಪುಸ್ತಕದ ದಾರಿಯಲ್ಲಿ ಇದನ್ನೇ 1/12 + 1/6 = 3/12 = 1/4, ಆದ್ದರಿಂದ 4 ದಿನ ಎಂದು ಬರೆಯುತ್ತಾರೆ. ಎರಡೂ ಒಂದೇ. ಪುಟ್ಟಿಯ ದಾರಿಯಲ್ಲಿ ಛೇದ ಮೊದಲೇ ಸಮವಾಗಿರುವುದರಿಂದ ಭಿನ್ನರಾಶಿಯ ಭಯ ಇರುವುದಿಲ್ಲ. ಭಿನ್ನರಾಶಿಗಳ ಛೇದಗಳನ್ನು ಹೀಗೆ ಒಂದು ಮಾಡಲು ಲ.ಸಾ.ಅ. ಬಳಸುವುದನ್ನು ಕರ್ನಾಟಕದ ನೆಲದಲ್ಲೇ ಒಬ್ಬರು 9ನೇ ಶತಮಾನದಲ್ಲಿ ಬರೆದಿಟ್ಟಿದ್ದಾರೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಅದಕ್ಕೆ ‘ನಿರುದ್ಧ’ ಎಂಬ ಹೆಸರಿದೆ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಲೆಕ್ಕ ಕನ್ನಡಕ್ಕೆ ಹೊಸದೇನಲ್ಲ.

ಹುಡುಗಿ ಅಳಿಸಿ 4 ಎಂದು ಬರೆದಳು. ಅಷ್ಟರಲ್ಲಿ ತಾಯಿ ತಲೆಯೆತ್ತದೆ ಹೇಳಿದಳು: “ನಾಳೆ ಎರಡು ರಾಶಿ ಬರುತ್ತೆ. ನೀನೂ ಸ್ಕೂಲಿಗೆ ರಜೆ ಹಾಕಿ ಕೂತ್ಕೋಬೇಕು.”

ಕೊಯ್ಲಿನ ಕಾಲದಲ್ಲಿ ಈ ಮಾತು ಅನೇಕ ಮನೆಗಳಲ್ಲಿ ಕೇಳುವಂಥದು. ತಾಯಿಯನ್ನು ದೂರಿ ಫಲವಿಲ್ಲ; ರಾಶಿ ಕಾಯುವುದಿಲ್ಲ. ಆದರೆ ಇದೂ ಒಂದು ಕಾಲ ಮತ್ತು ಕೆಲಸದ ಲೆಕ್ಕವೇ. ಅದನ್ನು ಆಮೇಲೆ ನೋಡಬಹುದು. ಮೊದಲು ಹುಡುಗಿಯ ನೋಟ್‌ಬುಕ್ಕಿನ ಉಳಿದ ಲೆಕ್ಕಗಳು ಮುಗಿಯಲಿ. ಏಕೆಂದರೆ ಮೊದಲ ಲೆಕ್ಕದಲ್ಲಿ ಮಾಡಿದ ತಪ್ಪನ್ನೇ ಮಕ್ಕಳು ವೇಷ ಬದಲಿಸಿದ ಇನ್ನೂ ಮೂರು ಜಾಗದಲ್ಲಿ ಮಾಡುತ್ತಾರೆ.

ಭೀಮಸಮುದ್ರದ ಸುತ್ತಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಗಣಿಗಳಿವೆ. ಅದಿರು ತುಂಬಿದ ಲಾರಿ ಹೋಗುವಾಗ ನರಳುತ್ತಾ ಹೋಗುತ್ತದೆ, ಖಾಲಿಯಾಗಿ ಬರುವಾಗ ಹಾರುತ್ತಾ ಬರುತ್ತದೆ. ಒಂದು ಲಾರಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂತಿರುಗಿದರೆ ಸರಾಸರಿ ವೇಗ ಎಷ್ಟು? ತರಗತಿಯಲ್ಲಿ ಕೇಳಿದರೆ ಹತ್ತಕ್ಕೆ ಎಂಟು ಕೈ ‘45’ ಎಂದು ಏಳುತ್ತವೆ. ಮೂವತ್ತೂ ಅರವತ್ತೂ ತೊಂಬತ್ತು, ಅದರ ಅರ್ಧ ನಲವತ್ತೈದು. ಹಿಂದಿನ ಒಂಬತ್ತು ದಿನದ ಅಣ್ಣ ಇದು.

ದೂರ ಕೊಟ್ಟಿಲ್ಲವೆಂದು ಹೆದರಬೇಕಿಲ್ಲ. ಪುಟ್ಟಿಯ ಹಾಗೆಯೇ ಅನುಕೂಲವಾದ ದೂರ ಇಟ್ಟುಕೊಳ್ಳಿ: 60 ಕಿ.ಮೀ. ಹೋಗಲು 2 ಗಂಟೆ, ಬರಲು 1 ಗಂಟೆ. ಒಟ್ಟು 120 ಕಿ.ಮೀ., ಒಟ್ಟು 3 ಗಂಟೆ. ಸರಾಸರಿ ಗಂಟೆಗೆ 40 ಕಿ.ಮೀ. ಲಾರಿ ನಿಧಾನದ ಪ್ರಯಾಣದಲ್ಲಿ ಎರಡು ಗಂಟೆ ಕಳೆದಿದೆ, ವೇಗದ ಪ್ರಯಾಣದಲ್ಲಿ ಒಂದೇ ಗಂಟೆ. ಆದ್ದರಿಂದ ಸರಾಸರಿ ನಿಧಾನದ ಕಡೆಗೇ ವಾಲುತ್ತದೆ. ಇಟ್ಟುಕೊಂಡ ದೂರ 120 ಆಗಲಿ, 300 ಆಗಲಿ, ಉತ್ತರ ಬದಲಾಗುವುದಿಲ್ಲ. ಮಕ್ಕಳು ಒಮ್ಮೆ ಮಾಡಿಯೇ ನೋಡಬೇಕು. ಹಾಗಾದರೆ 45 ಎಂದೂ ಸರಿಯಲ್ಲವೇ? ಸರಿಯಾಗುವ ಸಂದರ್ಭ ಒಂದಿದೆ. ಲಾರಿ ಒಂದು ಗಂಟೆ 30ರ ವೇಗದಲ್ಲೂ ಇನ್ನೊಂದು ಗಂಟೆ 60ರ ವೇಗದಲ್ಲೂ ಓಡಿದ್ದರೆ ಎರಡು ಗಂಟೆಗೆ 90 ಕಿ.ಮೀ.; ಆಗ ಸರಾಸರಿ 45. ಕಾಲ ಸಮವಾಗಿದ್ದರೆ ವೇಗಗಳನ್ನು ಕೂಡಿ ಅರ್ಧ ಮಾಡಬಹುದು, ದೂರ ಸಮವಾಗಿದ್ದರೆ ಮಾಡಬಾರದು. ಪ್ರಶ್ನೆ ಓದುವಾಗ ಸಮವಾಗಿರುವುದು ಯಾವುದು ಎಂಬುದರ ಕೆಳಗೆ ಗೆರೆ ಎಳೆದುಕೊಂಡವರು ಇಲ್ಲಿ ಜಾರುವುದಿಲ್ಲ.

(ವಿಜ್ಞಾನದ ಪುಸ್ತಕ ‘ಜವ’ ಎಂದು ಕರೆಯುವುದನ್ನೇ ಗಣಿತದ ಲೆಕ್ಕಗಳಲ್ಲಿ ರೂಢಿಯ ಮಾತಿನಂತೆ ‘ವೇಗ’ ಎನ್ನುತ್ತಾರೆ. ವಿಜ್ಞಾನದಲ್ಲಿ ವೇಗಕ್ಕೆ ದಿಕ್ಕೂ ಬೇಕು. ಊರಿಗೇ ಹಿಂತಿರುಗಿದ ಲಾರಿಯ ಸರಾಸರಿ ವೇಗ ವಿಜ್ಞಾನದ ಪ್ರಕಾರ ಸೊನ್ನೆ! ಚಾಲಕನ ಮುಂದೆ ಇದನ್ನು ಹೇಳದಿರುವುದು ಕ್ಷೇಮ.)

ಎದುರುಬದುರಾಗಿ ಬರುವ ಬಸ್ಸುಗಳ ಲೆಕ್ಕ ಸುಲಭದ್ದು. ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿ.ಮೀ. ಅಲ್ಲಿಂದೊಂದು, ಇಲ್ಲಿಂದೊಂದು ಬಸ್ಸು ಒಂದೇ ಹೊತ್ತಿಗೆ ಹೊರಟು, ಒಂದು 50ರ, ಇನ್ನೊಂದು 30ರ ವೇಗದಲ್ಲಿ ಬಂದರೆ ನಡುವಿನ ದೂರ ಗಂಟೆಗೆ 80 ಕಿ.ಮೀ.ನಂತೆ ಕರಗುತ್ತದೆ. 40 ಕಿ.ಮೀ. ಕರಗಲು ಅರ್ಧ ಗಂಟೆ. ಇಬ್ಬರು ಎರಡು ಬದಿಯಿಂದ ಒಂದೇ ರಾಶಿ ಸುಲಿಯುವುದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ: ದೂರವೇ ರಾಶಿ, ಬಸ್ಸುಗಳೇ ಸುಲಿಯುವವರು.

ಬೆನ್ನಟ್ಟುವ ಲೆಕ್ಕದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಮಗಳು ಸೈಕಲ್ಲಿನಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಶಾಲೆಗೆ ಹೊರಟಳು. ಬುತ್ತಿ ಮನೆಯಲ್ಲೇ ಉಳಿಯಿತು. 20 ನಿಮಿಷದ ಮೇಲೆ ಅಪ್ಪ ನೋಡಿ, ಗಂಟೆಗೆ 36 ಕಿ.ಮೀ. ವೇಗದಲ್ಲಿ ಬೈಕ್ ಓಡಿಸಿದ. ಎಲ್ಲಿ ಸಿಕ್ಕಾಳು? 20 ನಿಮಿಷದಲ್ಲಿ ಅವಳು 4 ಕಿ.ಮೀ. ಮುಂದಿದ್ದಾಳೆ. ಅಪ್ಪ ಗಂಟೆಗೆ 36 ಹೋದರೂ ಅಂತರ ಅಷ್ಟು ಬೇಗ ಕರಗುವುದಿಲ್ಲ, ಅವಳೂ ಓಡುತ್ತಲೇ ಇದ್ದಾಳಲ್ಲ. ಕರಗುವುದು 36ರಲ್ಲಿ 12 ಕಳೆದು ಗಂಟೆಗೆ 24ರಂತೆ. 4 ಕಿ.ಮೀ. ಕರಗಲು 10 ನಿಮಿಷ. ಅಷ್ಟರಲ್ಲಿ ಅಪ್ಪ ಮನೆಯಿಂದ 6 ಕಿ.ಮೀ. ದಾಟಿರುತ್ತಾನೆ. ಆದ್ದರಿಂದ ಉತ್ತರ: 6 ಕಿ.ಮೀ. ದೂರದಲ್ಲಿ.

ಆದರೆ ಶಾಲೆ ಇರುವುದು 5 ಕಿ.ಮೀ.ಗೇ ಆದರೆ? ಆಗ ದಾರಿಯಲ್ಲಿ ಅವಳು ಸಿಗುವುದೇ ಇಲ್ಲ. ಹೊರಟ 25 ನಿಮಿಷಕ್ಕೆ ಅವಳು ತರಗತಿಯಲ್ಲಿ ಕುಳಿತಿರುತ್ತಾಳೆ. ಅಪ್ಪ ಮುಟ್ಟುವುದು 28 ನಿಮಿಷ ದಾಟಿದ ಮೇಲೆ. ಸೂತ್ರ ‘6’ ಎಂದಿತೆಂದು ಶಾಲೆಯನ್ನು ಇನ್ನೊಂದು ಕಿಲೋಮೀಟರ್ ಮುಂದಕ್ಕೆ ತಳ್ಳಲಾಗುವುದಿಲ್ಲ. ಬಂದ ಉತ್ತರವನ್ನು ತಿರುಗಿ ಪ್ರಶ್ನೆಯೊಳಗೆ ಇಟ್ಟು ನೋಡುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಕಡಿಮೆ. ಅದಕ್ಕೆ ಮಕ್ಕಳೊಂದೇ ಕಾರಣವಲ್ಲ. ಉತ್ತರದ ಕೆಳಗೆ ಎರಡು ಗೆರೆ ಎಳೆದ ಕೂಡಲೇ ‘ಸರಿ’ ಹಾಕಿ ಮುಂದಿನ ಲೆಕ್ಕಕ್ಕೆ ಹೋಗುವ ಮೇಷ್ಟ್ರುಗಳದೂ ಪಾಲಿದೆ.

ರೈಲಿನ ಲೆಕ್ಕಕ್ಕೆ ಬಂದರೆ ಈ ಸೀಮೆಯವರಿಗೆ ಚಿತ್ರದುರ್ಗ–ಚಿಕ್ಕಜಾಜೂರು ಮಾರ್ಗವೇ ಇದೆ. 240 ಮೀಟರ್ ಉದ್ದದ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ 160 ಮೀಟರ್ ಪ್ಲಾಟ್‌ಫಾರಂ ದಾಟಲು ಎಷ್ಟು ಹೊತ್ತು? ಎಂಜಿನ್ನಿನ ಮೂತಿ ಪ್ಲಾಟ್‌ಫಾರಂ ಮುಟ್ಟಿದಲ್ಲಿಂದ ಕೊನೆಯ ಡಬ್ಬಿಯ ಬಾಲ ಅದನ್ನು ಬಿಡುವವರೆಗೆ. ಆದ್ದರಿಂದ ಎರಡು ಉದ್ದವೂ ಸೇರಬೇಕು: 400 ಮೀಟರ್. ಇನ್ನು ಉಳಿದದ್ದು 72 ಕಿ.ಮೀ.ಯನ್ನು ಸೆಕೆಂಡಿಗೆ ಎಷ್ಟು ಮೀಟರ್ ಎಂದು ತಿರುಗಿಸುವುದು. ಇಲ್ಲಿ 5/18 ಎಂದು ಬಾಯಿಪಾಠ ಮಾಡಿದವರು ಪರೀಕ್ಷೆಯ ಕೋಣೆಯಲ್ಲಿ 18/5 ಮಾಡಿಬಿಡುತ್ತಾರೆ. 1 ಕಿ.ಮೀ. ಎಂದರೆ 1000 ಮೀಟರ್, 1 ಗಂಟೆ ಎಂದರೆ 3600 ಸೆಕೆಂಡ್. 1000/3600 ಚಿಕ್ಕದಾಗಿ 5/18 ಆಗಿದೆ, ಅಷ್ಟೇ. ಅನುಮಾನ ಬಂದರೆ ಒಂದು ಗುರುತು ಇಟ್ಟುಕೊಳ್ಳಿ: ಜೋರಾಗಿ ತುಳಿದ ಸೈಕಲ್ ಗಂಟೆಗೆ 18 ಕಿ.ಮೀ. ಹೋಗುತ್ತದೆ, ಅದು ಸೆಕೆಂಡಿಗೆ 5 ಮೀಟರ್. ಹಾಗಾದರೆ 72 ಅದರ ನಾಲ್ಕು ಪಟ್ಟು, ಸೆಕೆಂಡಿಗೆ 20 ಮೀಟರ್. 400 ಮೀಟರ್ ದಾಟಲು 20 ಸೆಕೆಂಡ್.

ಇನ್ನು ನೀರು. ಬಯಲುಸೀಮೆಯ ಅಡಿಕೆ ತೋಟದವರಿಗೆ ತೊಟ್ಟಿಯ ಲೆಕ್ಕವನ್ನು ವಿವರಿಸಿ ಹೇಳುವುದೇ ಬೇಡ. ಹಳೇ ಬೋರು ತೊಟ್ಟಿಯನ್ನು 12 ಗಂಟೆಯಲ್ಲಿ, ಹೊಸ ಬೋರು 6 ಗಂಟೆಯಲ್ಲಿ ತುಂಬಿಸುತ್ತವೆ. ಎರಡೂ ಸೇರಿದರೆ 4 ಗಂಟೆ, ಅಜ್ಜಿ-ಸೊಸೆಯ ಲೆಕ್ಕವೇ. ಆದರೆ ತೊಟ್ಟಿ ಬಿರುಕು ಬಿಟ್ಟಿದೆ, ತುಂಬಿದ ತೊಟ್ಟಿ 12 ಗಂಟೆಯಲ್ಲಿ ಸೋರಿ ಬರಿದಾಗುತ್ತದೆ. ಈಗ? 12 ಪಾಲಿನ ತೊಟ್ಟಿಗೆ ಗಂಟೆಗೆ ಬರುವುದು 3 ಪಾಲು, ಹೋಗುವುದು 1 ಪಾಲು, ನಿಲ್ಲುವುದು 2. ತುಂಬಲು 6 ಗಂಟೆ. ಗಮನಿಸಿ, ಹೊಸ ಬೋರು ಒಂದೇ ಇದ್ದು ಸೋರಿಕೆ ಇಲ್ಲದಿದ್ದರೂ 6 ಗಂಟೆಯೇ. ಹಳೇ ಬೋರಿನ ಅಷ್ಟೂ ನೀರು ಬಿರುಕಿನ ಪಾಲಾಯಿತು. ಮೂರು ಫೇಸ್ ಕರೆಂಟು 5 ಗಂಟೆ ಮಾತ್ರ ಸಿಕ್ಕರೆ 10 ಪಾಲು ತುಂಬಿ ನಿಲ್ಲುತ್ತದೆ. ಕರೆಂಟು ಹೋಗುತ್ತದೆ, ಸೋರಿಕೆ ಹೋಗುವುದಿಲ್ಲ. ಇನ್ನು 10 ಗಂಟೆಗೆ ತೊಟ್ಟಿ ಖಾಲಿ. (ನಿಜದಲ್ಲಿ ನೀರಿನ ಮಟ್ಟ ಇಳಿದಂತೆ ಒತ್ತಡ ಕಡಿಮೆಯಾಗಿ ಸೋರಿಕೆಯೂ ನಿಧಾನವಾಗುತ್ತದೆ. ಗಣಿತದ ಪುಸ್ತಕ ಆ ಗೊಡವೆಗೆ ಹೋಗುವುದಿಲ್ಲ.) ಕೂಡುವುದರ ಜೊತೆಗೆ ಕಳೆಯುವುದೊಂದು ಸೇರಿತು, ಬೇರೆ ಹೊಸದೇನೂ ಇಲ್ಲ.

ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಇದೇ ಜಾತಿಯ ಲೆಕ್ಕ ಕೊಟ್ಟಿದ್ದಾರೆ. ಒಂದು ಕೊಳವನ್ನು ನಾಲ್ಕು ತೊರೆಗಳು ಬೇರೆಬೇರೆಯಾಗಿ 1 ದಿನ, 1/2 ದಿನ, 1/3 ದಿನ, 1/6 ದಿನದಲ್ಲಿ ತುಂಬಿಸುತ್ತವೆ; ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ? ಒಂದು ದಿನಕ್ಕೆ ಅವು ಕ್ರಮವಾಗಿ 1, 2, 3, 6 ಕೊಳ ತುಂಬಿಸುತ್ತವೆ. ಒಟ್ಟು 12 ಕೊಳ. ಒಂದು ಕೊಳಕ್ಕೆ ದಿನದ ಹನ್ನೆರಡನೇ ಒಂದು ಪಾಲು, ಅಂದರೆ 2 ಗಂಟೆ.

ಅದೇ ಲೆಕ್ಕವನ್ನು ಜಿಲ್ಲೆಯ ದೊಡ್ಡ ತೊಟ್ಟಿಗೆ ಹಾಕಿದರೆ ಏನಾಗುತ್ತದೆ? 1898ರಿಂದ 1907ರವರೆಗೆ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡವಾಗಿ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿ ಕಣಿವೆ, ಸುಮಾರು 30 ಟಿ.ಎಂ.ಸಿ. ಹಿಡಿಯುತ್ತದೆ. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ. 30 ಎಂದರೆ 3000 ಕೋಟಿ. ಪತ್ರಿಕೆಯಲ್ಲಿ ‘ಒಳಹರಿವು 1000 ಕ್ಯುಸೆಕ್’ ಎಂದು ಬಂದರೆ ಸೆಕೆಂಡಿಗೆ 1000 ಘನ ಅಡಿ ಎಂದರ್ಥ. ದಿನಕ್ಕೆ 86,400 ಸೆಕೆಂಡ್, ಆದ್ದರಿಂದ ದಿನಕ್ಕೆ 8.64 ಕೋಟಿ ಘನ ಅಡಿ. ಬರಿದಾದ ಜಲಾಶಯ ಇಷ್ಟೇ ಒಳಹರಿವಿನಲ್ಲಿ ತುಂಬಲು 3000ವನ್ನು 8.64ರಿಂದ ಭಾಗಿಸಿ: 347 ದಿನ. ಹೆಚ್ಚು ಕಡಿಮೆ ಒಂದು ವರ್ಷ, ಒಂದು ದಿನವೂ ಬಿಡದೆ! ನಾಲೆಗೆ 250 ಕ್ಯುಸೆಕ್ ಬಿಡುತ್ತಿದ್ದರೆ ನಿಲ್ಲುವುದು 750 ಮಾತ್ರ. ಆಗ 463 ದಿನ. ಬಿಸಿಲಿಗೆ ಆವಿಯಾಗುವುದು ಬೇರೆ. ವೇದಾವತಿ ವರ್ಷವಿಡೀ ಹಾಗೆ ಹರಿಯುವ ನದಿಯಲ್ಲ. 1933ರಲ್ಲಿ ಕೋಡಿ ಬಿದ್ದ ಮಾರಿ ಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ, 89 ವರ್ಷ, ಕಾಯಬೇಕಾಯಿತೇಕೆ ಎಂಬುದು ಈ ಭಾಗಾಕಾರದಲ್ಲೇ ಕಾಣುತ್ತದೆ. ಈಚಿನ ವರ್ಷಗಳಲ್ಲಿ ಭದ್ರೆಯ ನೀರೂ ಸೇರತೊಡಗಿದ ಮೇಲೆ, ಅಂದರೆ ಇನ್ನೊಂದು ನಲ್ಲಿ ತೆರೆದ ಮೇಲೆ, ಲೆಕ್ಕ ಬದಲಾಗಿದೆ. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಪತ್ರಿಕೆಯ ಒಳಹರಿವು-ಹೊರಹರಿವಿನ ಅಂಕಿಗಳನ್ನು ಒಂದು ವಾರ ಬರೆದಿಟ್ಟುಕೊಂಡು ಮಕ್ಕಳು ಈ ಲೆಕ್ಕ ಮಾಡಬಹುದು.

ಈಗ ಪರೀಕ್ಷೆಯ ಮಾತು. ಆ ಹುಡುಗಿಯಂಥ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. 2008ರಲ್ಲಿ ಕೇಂದ್ರ ಸರ್ಕಾರ ತಂದದ್ದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ, ಅಂದರೆ ದ್ವಿತೀಯ ಪಿ.ಯು.ವರೆಗೆ, ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಕೂಲಿಯ ಮನೆಗೆ ಅದು ಚಿಕ್ಕ ಮೊತ್ತವಲ್ಲ. ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಅಂದರೆ ನಿಮಿಷಕ್ಕೊಂದು. ಇದೂ ಕಾಲ-ಕೆಲಸದ ಲೆಕ್ಕವೇ: ಸುಲಭದ 60 ಪ್ರಶ್ನೆಗಳನ್ನು 40 ಸೆಕೆಂಡಿಗೊಂದರಂತೆ ಮುಗಿಸಿದರೆ 40 ನಿಮಿಷ ಆಗುತ್ತದೆ. ಉಳಿದ 30ಕ್ಕೆ 50 ನಿಮಿಷ, ಒಂದೊಂದಕ್ಕೆ 100 ಸೆಕೆಂಡ್.

ಅಜ್ಜಿಯ ಉಪಾಯ ಹೆಚ್ಚು ಬೆಲೆ ಬಾಳುವುದು ಇಲ್ಲಿ. 12 ದಿನ, 6 ದಿನದ ಪ್ರಶ್ನೆಗೆ ಕೆಳಗೆ 18, 9, 4, 2 ಎಂದು ನಾಲ್ಕು ಉತ್ತರ ಕೊಟ್ಟಿದ್ದಾರೆ ಎನ್ನಿ. ಇಂಥ ಆಯ್ಕೆಗಳನ್ನು ಸುಮ್ಮನೆ ಬರೆಯುವುದಿಲ್ಲ, ಮಕ್ಕಳು ಎಲ್ಲಿ ಎಡವುತ್ತಾರೋ ಅಲ್ಲೇ ಗುಂಡಿ ತೋಡಿರುತ್ತಾರೆ. 18 ಕೂಡಿದವರಿಗೆ, 9 ಕೂಡಿ ಅರ್ಧ ಮಾಡಿದವರಿಗೆ. ಉತ್ತರ 3 ಮತ್ತು 6ರ ನಡುವೆ ಎಂದು ತಿಳಿದವಳಿಗೆ 18, 9, 2 ಮೂರೂ ಹೊರಗೆ. ಉಳಿದದ್ದು 4 ಒಂದೇ. ಐದು ಸೆಕೆಂಡಿನ ಕೆಲಸ.

ಆ ಚಪ್ಪರದಲ್ಲಿ ತಾಯಿಯ ಮಾತಿಗೆ ಇನ್ನೂ ಉತ್ತರ ಬಂದಿರಲಿಲ್ಲ. ನಾಳೆ ಬರುವುದು ಎರಡು ರಾಶಿ. ಒಂದೊಂದು ರಾಶಿ 24 ಪುಟ್ಟಿ. ತಾಯಿ ಗಂಟೆಗೆ 4 ಪುಟ್ಟಿ ಸುಲಿಯುತ್ತಾಳೆ, ಅಜ್ಜಿ 2, ಹುಡುಗಿ 1. ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುಗಿಸಿದಳು.

“ಅವ್ವ, ನೀವಿಬ್ಬರೇ ಆದ್ರೆ ಗಂಟೆಗೆ 6 ಪುಟ್ಟಿ. 48 ಪುಟ್ಟಿಗೆ 8 ಗಂಟೆ. ಎಂಟೂವರೆಗೆ ಕೂತು, ಊಟಕ್ಕೆ ಅರ್ಧ ಗಂಟೆ ಎದ್ದರೆ ಸಂಜೆ ಐದಕ್ಕೆ ಮುಗಿಯುತ್ತೆ. ನಾನೂ ಕೂತರೆ ಗಂಟೆಗೆ 7. ಆರು ಗಂಟೆ ಐವತ್ತೊಂದು ನಿಮಿಷ. ಹತ್ತಿರ ಹತ್ತಿರ ನಾಲ್ಕಕ್ಕೆ. ನಾನು ಇಡೀ ದಿನ ಸ್ಕೂಲು ಬಿಟ್ಟರೆ ಉಳಿಯೋದು ಒಂದು ಗಂಟೆ ಚಿಲ್ಲರೆ.”

ತಾಯಿ ಒಪ್ಪಲಿಲ್ಲ. “ನಿನ್ನ ಲೆಕ್ಕ ಪುಸ್ತಕದ್ದು. ಊಟ ಆದ ಮೇಲೆ ನನ್ನ ಕೈ ಬೆಳಗಿನ ಹಂಗೆ ಓಡುತ್ತಾ?”

ತಾಯಿ ಹೇಳಿದ್ದು ಸರಿಯೇ. ‘ಕೆಲಸದ ವೇಗ ಒಂದೇ ಸಮನಾಗಿದೆ’ ಎಂದು ಪಠ್ಯಪುಸ್ತಕಗಳು ಬಾಯಿಬಿಟ್ಟು ಹೇಳದೆಯೇ ಇಟ್ಟುಕೊಂಡಿರುತ್ತವೆ; ಮನುಷ್ಯರ ಕೈ ಹಾಗಿರುವುದಿಲ್ಲ. ಹುಡುಗಿ ತಿರುಗಿ ಮಾಡಿದಳು. ಊಟದ ಮೇಲೆ ತಾಯಿ ಗಂಟೆಗೆ 3 ಪುಟ್ಟಿ ಎಂದಿಟ್ಟುಕೊಂಡಳು. ಬೆಳಿಗ್ಗೆ ಎಂಟೂವರೆಯಿಂದ ಹನ್ನೆರಡೂವರೆಯವರೆಗೆ ಇಬ್ಬರೂ 24 ಪುಟ್ಟಿ ಮುಗಿಸುತ್ತಾರೆ. ಒಂದು ಗಂಟೆಗೆ ಮತ್ತೆ ಕುಳಿತು, ಗಂಟೆಗೆ 5ರಂತೆ ನಾಲ್ಕೂವರೆಗೆ ಇನ್ನು ಹದಿನೇಳೂವರೆ ಪುಟ್ಟಿ. ಉಳಿದದ್ದು ಆರೂವರೆ. ಅಷ್ಟು ಹೊತ್ತಿಗೆ ಶಾಲೆ ಬಿಟ್ಟು ಅವಳೂ ಬಂದು ಕೂತರೆ ಗಂಟೆಗೆ 6. ಒಂದು ಗಂಟೆ ಐದು ನಿಮಿಷ. ಐದು ಮೂವತ್ತೈದಕ್ಕೆ ಮುಗಿಯುತ್ತದೆ. ಬೆಳಿಗ್ಗೆಯಿಂದಲೇ ಅವಳು ಮನೆಯಲ್ಲಿ ಉಳಿದಿದ್ದರೆ? ಊಟದ ಹೊತ್ತಿಗೆ 28 ಪುಟ್ಟಿ, ಉಳಿದ 20ಕ್ಕೆ ಗಂಟೆಗೆ 6ರಂತೆ 3 ಗಂಟೆ 20 ನಿಮಿಷ. ನಾಲ್ಕು ಇಪ್ಪತ್ತಕ್ಕೆ. ವ್ಯತ್ಯಾಸ ಒಂದೂಕಾಲು ಗಂಟೆ.

ತಾಯಿ ಒಂದು ಕ್ಷಣ ಹಂಡೆಯ ಕಡೆ ನೋಡಿದಳು. “ಐದೂವರೆಗೆ ಒಲೆಗೆ ಹಾಕಿದರೂ ಆಗುತ್ತೆ” ಎಂದಳು. “ಸ್ಕೂಲು ಬಿಟ್ಟ ಮೇಲೆ ದಾರೀಲಿ ಮಾತಾಡ್ಕೊಂಡು ನಿಲ್ಲಬೇಡ, ಅಷ್ಟೇ.”

“ನಾಳೆ ಹೊಸ ಲೆಕ್ಕ ಏನು ಹೇಳಿಕೊಟ್ಟರು ಅಂತ ಬಂದು ಹೇಳು” ಎಂದಳು ಅಜ್ಜಿ, ಮುಂದಿನ ಕಾಯಿಗೆ ಕೈ ಹಾಕುತ್ತಾ.

ಈ ವಾರದ ಪ್ರಶ್ನೆ: ಅದೇ ಅದಿರಿನ ಲಾರಿ 60 ಕಿ.ಮೀ. ದೂರವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಮುಟ್ಟಿದೆ. ಹೋಗಿಬರುವ ಒಟ್ಟು ಪ್ರಯಾಣದ ಸರಾಸರಿ ಗಂಟೆಗೆ 60 ಕಿ.ಮೀ. ಆಗಬೇಕೆಂದು ಮಾಲೀಕನ ಹಟ. ಚಾಲಕ ಯಾವ ವೇಗದಲ್ಲಿ ಹಿಂತಿರುಗಬೇಕು? ‘90’ ಎಂದು ಬರೆಯುವ ಮೊದಲು ಗಂಟೆಗಳನ್ನು ಎಣಿಸಿ. ಉತ್ತರ ಮುಂದಿನ ವಾರ.